ಮುಂದಿನ ಸಾಲಿನ ಮನೆ

ನಮ್ಮ ಕೇರಿಯ ಸುದ್ದಿ ಬೇಕೆಂದರೆ ಪೇಪರ್ ತರಿಸಬೇಕಾಗಿಲ್ಲ, ನಮ್ಮ ಮನೆಯ ಗೋಡೆ ನೋಡಿದರೆ ಸಾಕು. ಜಗಲಿಯ ಪಕ್ಕ ಒಂದು ಕರಿಹಲಗೆ ತೂಗುಹಾಕಿದ್ದೇನೆ. ದಿನಾ ಬೆಳಿಗ್ಗೆ ಕಾಫಿ ಕುಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀಮೆಸುಣ್ಣ ಹಿಡಿದು ನಾನೇ ಬರೆಯುತ್ತೇನೆ. ನಲ್ಲಿ ನೀರು ಯಾವಾಗ ಬಿಡುತ್ತಾರೆ, ಕಸದ ಗಾಡಿ ಯಾಕೆ ಬರಲಿಲ್ಲ, ಯಾರ ಮೇಕೆ ಯಾರ ಹೂಗಿಡ ಮೇಯ್ದಿತು, ಗಣೇಶನ ಪೆಂಡಾಲಿಗೆ ಬೊಂಬು ಯಾರು ಕೊಡುತ್ತಾರೆ, ಮಕ್ಕಳಿಗೆ ಪೋಲಿಯೋ ಹನಿ ಎಲ್ಲಿ ಹಾಕುತ್ತಾರೆ, ಎಲ್ಲ ಅದರಲ್ಲಿರುತ್ತದೆ. ನನ್ನ ಹೆಸರು ಚೆನ್ನಾಜಮ್ಮ. ಕೇರಿಯ ಕ್ಷೇಮಾಭಿವೃದ್ಧಿ ಸಂಘಕ್ಕೆ ನಾನೇ ಅಧ್ಯಕ್ಷೆ. ಚುನಾವಣೆ ನಡೆದಿಲ್ಲ, ನಡೆಸುವ ಅಗತ್ಯವೂ ಬಿದ್ದಿಲ್ಲ. ನಾನಿಲ್ಲದಿದ್ದರೆ ಈ ಕೇರಿಯಲ್ಲಿ ಒಂದು ಬೀದಿದೀಪವೂ ಉರಿಯುತ್ತಿರಲಿಲ್ಲ ಎಂದು ನಾನು ಹೇಳಿಕೊಳ್ಳುವುದಿಲ್ಲ. ಬೇರೆಯವರು ಹೇಳುತ್ತಾರೆ, ನಾನು ತಡೆಯುವುದಿಲ್ಲ.

ಹಲಗೆಯ ಮೇಲ್ತುದಿಯಲ್ಲಿ ಒಂದು ಸಾಲು ಮಾತ್ರ ಪ್ರತಿ ತಿಂಗಳೂ ಇರುತ್ತಿತ್ತು: ‘ಬರುವ ಅಮಾವಾಸ್ಯೆ, ಖಾಲಿ ಸೈಟಿನ ಅಕ್ಕಪಕ್ಕದವರು ಗಮನಿಸಿ.’ ನಮ್ಮಲ್ಲಿ ಮನೆಗಳು ಒತ್ತೊತ್ತಾಗಿವೆ. ಒಂದೇ ಒಂದು ಸೈಟು ಖಾಲಿ. ಅಮಾವಾಸ್ಯೆಯ ಮಧ್ಯಾಹ್ನ, ಊಟ ಮುಗಿಸಿ ಎಲೆ ಅಡಿಕೆ ಹಾಕುವ ಹೊತ್ತಿಗೆ, ಆ ಸೈಟಿಗೆ ತಾಗಿದ ಮನೆಗಳಲ್ಲಿ ಒಂದು ಅದರೊಳಕ್ಕೆ ಸರಿಯುತ್ತದೆ. ಒಳಗೆ ಜನ ಇದ್ದರೆ ಮನೆ ಕದಲುವುದಿಲ್ಲ, ಒಂದು ನರಪಿಳ್ಳೆಯೂ ಇರಬಾರದು. ಹಾಗಾಗಿ ಇದ್ದಲ್ಲೇ ಇರಬೇಕೆನ್ನುವವರು ಒಳಗೆ ಕೂರುತ್ತಾರೆ, ಸರಿಯಬೇಕೆನ್ನುವವರು ಬಾಗಿಲು ತೆರೆದಿಟ್ಟು ಹೊರಗೆ ನಿಲ್ಲುತ್ತಾರೆ. ಅಷ್ಟೇ. ಒಲೆಯ ಮೇಲಿನ ಹಾಲು ತುಳುಕುವುದಿಲ್ಲ, ಗೋಡೆಯ ಕ್ಯಾಲೆಂಡರು ಅಲುಗುವುದಿಲ್ಲ. ಅಂಗಳದ ರಂಗೋಲಿ ಮಾತ್ರ ಹಳೆಯ ಜಾಗದಲ್ಲೇ ಉಳಿಯುತ್ತದೆ. ಮಾರನೆಯ ದಿನ ಹೊಸ ಜಾಗದಲ್ಲಿ ಸಾರಿಸಿ ಮತ್ತೆ ಹಾಕಿದರಾಯಿತು.

ಇದಕ್ಕೆಲ್ಲ ನಾವು ಒಗ್ಗಿಹೋಗಿದ್ದೆವು. ನಲ್ಲಿಗೆ ಉದ್ದನೆಯ ರಬ್ಬರ್ ಪೈಪು, ಕರೆಂಟಿಗೆ ಸುರುಳಿ ಬಿಟ್ಟ ವೈರು. ನಮ್ಮೆಜಮಾನರು ಲೈನ್‌ಮನ್ ಆಗಿದ್ದವರು, ಆ ಸುರುಳಿ ಬಿಡುವ ಕೆಲಸವೆಲ್ಲ ಅವರದೇ. ಪೋಸ್ಟ್‌ಮನ್ ಮನೆ ನಂಬರು ನೋಡುವುದಿಲ್ಲ, ಕೇರಿಯ ಬಾಯಲ್ಲಿ ನಿಂತು ಹೆಸರು ಕೂಗುತ್ತಾನೆ. ಜಗಳ ಆಡುವವರೂ ಒಂಚೂರು ನೋಡಿಕೊಂಡು ಆಡುತ್ತಾರೆ, ಬರುವ ತಿಂಗಳು ಯಾರ ಗೋಡೆ ಯಾರಿಗೆ ತಾಗುತ್ತದೋ ಯಾರು ಬಲ್ಲರು. ನಾನು ಮದುವೆಯಾಗಿ ಬಂದಾಗ ನಮ್ಮ ಮನೆ ಹಿಂದಿನ ಸಾಲಿನಲ್ಲಿತ್ತು. ವರ್ಷಗಟ್ಟಲೆ ಅಮಾವಾಸ್ಯೆ ಅಮಾವಾಸ್ಯೆಗೂ ಬಾಗಿಲು ತೆರೆದಿಟ್ಟು ಬಿಸಿಲಲ್ಲಿ ಕೂತು ಕೂತು, ಕೊನೆಗೊಂದು ದಿನ ಅದು ರಸ್ತೆಗೆ ಮುಖ ಮಾಡಿ ನಿಂತಿತು. ಆ ದಿನ ಪಾಯಸ ಮಾಡಿ ಕೇರಿಗೆಲ್ಲ ಹಂಚಿದ್ದೆ. ಮುಂದಿನ ಸಾಲೆಂದರೆ ಸುಮ್ಮನೆಯೇ? ಬಾಗಿಲಿಗೆ ಆಟೋ ಬರುತ್ತದೆ, ತರಕಾರಿ ಗಾಡಿ ಬರುತ್ತದೆ, ಜಗಲಿಯ ಮೇಲೆ ಕೂತರೆ ಊರೆಲ್ಲ ಕಣ್ಣ ಮುಂದೆ. ಹಿಂದಿನ ಸಾಲಿನವರಿಗೆ ಎರಡು ಗೋಡೆಗಳ ನಡುವಿನ ಸಂದಿಯೇ ದಾರಿ. ಕೊಡ ಹೊತ್ತ ಒಬ್ಬರು ಬಂದರೆ ಎದುರಿನವರು ಹಿಂದಕ್ಕೆ ಹೋಗಬೇಕು.

ಇಂಥ ಕೇರಿಗೆ ಒಂದು ಸಮುದಾಯ ಭವನ ಬೇಕು ಎಂದು ನಗರಸಭೆಗೆ ಅಲೆದು ಅಲೆದು ನನ್ನ ಎಷ್ಟು ಜೊತೆ ಚಪ್ಪಲಿ ಸವೆದವೋ. ಮದುವೆ, ನಾಮಕರಣ ಅಂದರೆ ನಾವು ಪಕ್ಕದ ಬಡಾವಣೆಯವರ ಮುಂದೆ ಹಲ್ಲು ಗಿಂಜಬೇಕಿತ್ತು. ಕೊನೆಗೂ ಅನುದಾನ ಮಂಜೂರಾಯಿತು. ಎರಡು ಷರತ್ತು: ಭವನ ರಸ್ತೆಗೆ ಮುಖ ಮಾಡಿರಬೇಕು, ಮಾರ್ಚ್ ಮುಗಿಯುವುದರೊಳಗೆ ಕೆಲಸ ಶುರುವಾಗಬೇಕು. ಇಲ್ಲವಾದರೆ ಅನುದಾನ ವಾಪಸ್ಸು. ನಮ್ಮ ಅದೃಷ್ಟಕ್ಕೆ ಖಾಲಿ ಸೈಟು ಆಗ ಮುಂದಿನ ಸಾಲಿನಲ್ಲೇ ಇತ್ತು, ನಮ್ಮ ಮನೆಯ ಎಡಕ್ಕೆ. ಭವನ ಕಟ್ಟಿದ ಮೇಲೆ ಖಾಲಿ ಜಾಗ ಎಲ್ಲಿಂದ ಬರಬೇಕು? ಮನೆಗಳ ಸರಿದಾಟ ಅಲ್ಲಿಗೆ ಮುಗಿಯಿತು. ಅದು ಎಲ್ಲರಿಗೂ ಗೊತ್ತಿತ್ತು. ‘ಸಾಕು ಬಿಡ್ರಮ್ಮ, ಒಂದು ಕಡೆ ತಳ ಊರೋಣ’ ಎಂದು ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು.

ಆಗ ಹಿಂದಿನಿಂದ ಮುನೀರಾ ಎದ್ದು ನಿಂತಳು. ಕೇರಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುವವಳು ಅವಳೇ. ಅವಳ ಮನೆ ಹಿಂದಿನ ಸಾಲಿನಲ್ಲಿ, ಖಾಲಿ ಸೈಟಿನ ಬೆನ್ನಿಗೆ. ಮನೆ ಬಂದು ಕೂರುವ ನೆಲವೆಂದು ಖಾಲಿ ಸೈಟನ್ನು ನಮ್ಮಲ್ಲಿ ಯಾರೂ ತುಳಿಯುವುದಿಲ್ಲ, ಹಾಗಾಗಿ ಅವರಿಗೂ ಸಂದಿಯೇ ದಾರಿ. ಗಂಡ ದಸ್ತಗೀರ್ ಸಾಹೇಬರು ಬ್ಯಾಂಡ್ ಮಾಸ್ತರು. ಕೆಂಪು ಕೋಟು, ಹೆಗಲ ಮೇಲೆ ಜರಿಯ ಗೊಂಡೆ, ಕೈಯಲ್ಲಿ ಕ್ಲಾರಿನೆಟ್ಟು, ಮೆರವಣಿಗೆಯ ಮುಂದೆ ಅವರು ನಡೆದರೆ ಮದುವೆ ಗಂಡಿನ ಕಡೆ ಯಾರೂ ನೋಡುತ್ತಿರಲಿಲ್ಲ. ಈಗ ಅವರ ಕಿಡ್ನಿ ಕೆಟ್ಟಿತ್ತು. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಸಂದಿಯುದ್ದಕ್ಕೂ ನಡೆಯುವ ಶಕ್ತಿ ಅವರಲ್ಲಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಅತ್ತಿತ್ತ ಓರೆ ಮಾಡಿಕೊಂಡು, ರಸ್ತೆಯವರೆಗೆ ಹೊತ್ತು ತರುತ್ತಿದ್ದರು.

“ಅಕ್ಕಾ, ಈ ಅಮಾವಾಸ್ಯೆಗೆ ನಮ್ಮನೆ ಮುಂದಕ್ಕೆ ಬರ್ಬೇಕಾಗಿತ್ತು,” ಎಂದಳು ಮುನೀರಾ. “ಅಲ್ಲೀವರೆಗೂ ಹೊತ್ಕೊಂಡ್ ಹೋಗಿ, ಆಮೇಲೆ ಯಾರೂ ನನ್ನ ಕುರ್ಚಿಗೆ ಕೈ ಹಾಕ್ಬಾರ್ದು ಅಂತ ಮಾಸ್ತರ್ ಹೇಳ್ಬಿಟ್ಟಿದಾರೆ. ಈಗ ನೀವು ಆ ಜಾಗದಲ್ಲಿ ಭವನ ಕಟ್ಟಿದ್ರೆ ಅವರು ಆಸ್ಪತ್ರೆಗೆ ಹೋಗಲ್ಲ. ಅವರ ಹಠ ನಿಮಗೂ ಗೊತ್ತಲ್ಲ.”

ಎಲ್ಲರೂ ನನ್ನ ಮುಖ ನೋಡಿದರು. ನನಗೆ ತೆಪ್ಪಗಿರುವುದು ಗೊತ್ತಿಲ್ಲ. ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಮೇಲೆ ಚೌಕಗಳನ್ನು ಬರೆದೆ. “ಮಾರ್ಚ್ ಮುಗಿಯೋದ್ರೊಳಗೆ ಮೂರು ಅಮಾವಾಸ್ಯೆ ಇದೆ. ಮೊದಲನೇದಕ್ಕೆ ಮುನೀರಾ ಮನೆ ಮುಂದಕ್ಕೆ ಬರ್ಲಿ. ಆಗ ಸೈಟು ಹಿಂದಕ್ಕೆ ಹೋಗುತ್ತೆ. ಇನ್ನೆರಡು ಅಮಾವಾಸ್ಯೇಲಿ ಅದನ್ನ ಒಂದು ಮನೆ ಪಕ್ಕಕ್ಕೆ ಸರಿಸಿ ಮತ್ತೆ ರಸ್ತೆಗೆ ತರ್ತೀನಿ. ಮಾಸ್ತರ್‌ಗೂ ದಾರಿ ಆಯ್ತು, ಭವನಾನೂ ಆಯ್ತು. ನಾನಿಲ್ವಾ?”

“ಅದಕ್ಕೆ ಮುಂದಿನ ಸಾಲಿನ ಮನೆ ಒಂದು ಹಿಂದಕ್ಕೆ ಹೋಗ್ಬೇಕಾಗುತ್ತಲ್ಲಮ್ಮ, ಯಾರದು?” ಎಂದರು ವೆಂಕೋಬರಾಯರು. ಖಾಲಿ ಸೈಟಿನ ಆಚೆ ಬದಿಯ ಮನೆ ಅವರದು. ಭಾಳ ಚುರುಕು ಮನುಷ್ಯ.

“ಅದನ್ನ ಆಮೇಲೆ ನೋಡೋಣ ರಾಯರೆ,” ಎಂದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಅವರ ಮನೆಯೇ. ಅವರನ್ನು ಹೇಗೆ ಒಪ್ಪಿಸಬೇಕು ಎಂದೂ ಯೋಚಿಸಿಟ್ಟಿದ್ದೆ.

ಅಮಾವಾಸ್ಯೆ ಬಂತು. ಬೆಳಗಿನಿಂದ ನನ್ನ ಬಾಯಿಗೆ ಬಿಡುವಿಲ್ಲ. ಖಾಲಿ ಸೈಟಿಗೆ ತಾಗಿದ್ದು ಮೂರೇ ಮನೆ: ಮುನೀರಾ ಮನೆ, ರಾಯರ ಮನೆ, ನಮ್ಮದು. ಮುನೀರಾ ಮನೆ ಖಾಲಿಯಾಗಬೇಕು, ಉಳಿದೆರಡರಲ್ಲಿ ಜನ ಇರಬೇಕು. ರಾಯರ ಮನೆಗೆ ಹೋಗಿ “ಮಧ್ಯಾಹ್ನ ಹೊಸಲು ದಾಟ್ಬೇಡಿ” ಎಂದು ಹೇಳಿ ಬಂದೆ. ನಮ್ಮೆಜಮಾನರ ಮುಂದೆ ಒಂದು ಮೊರದ ತುಂಬ ಕಡಲೆಕಾಯಿ ಇಟ್ಟೆ. “ರೀ, ಇದನ್ನ ಸುಲೀತಾ ಕೂತಿರಿ. ಏನೇ ಆಗ್ಲಿ, ಏಳ್ಬೇಡಿ.”

“ಆಯ್ತು ಮಾರಾಯ್ತಿ, ನಾನೇನು ಚಿಕ್ಕ ಮಗುನಾ?” ಎಂದರು ಅವರು. ಪಾಪ, ಏಳುವ ಮನಸ್ಸು ಅವರಿಗೂ ಇರಲಿಲ್ಲ.

ಕೇರಿಗೆ ಕೇರಿಯೇ ರಸ್ತೆಯಲ್ಲಿ ನಿಂತಿತ್ತು. ಮುನೀರಾ ಹೊಸ ಸೀರೆ ಉಟ್ಟು ತಲೆಯ ಮೇಲೆ ಸೆರಗು ಹೊದ್ದು, ಒಂದು ಡಬ್ಬಿಯ ತುಂಬ ಖರ್ಜೂರ ಹಿಡಿದುಕೊಂಡಿದ್ದಳು, ಹಂಚಲಿಕ್ಕೆ. ಮಾಸ್ತರರನ್ನು ಒಳಗಿನಿಂದ ತರಬೇಕಿತ್ತು. ಹೊರುವ ನಾಲ್ವರಲ್ಲಿ ಗಾರೆ ಈರಣ್ಣನಿಗೆ ಅವತ್ತೇ ಸೊಂಟ ಹಿಡಿದುಕೊಂಡಿತ್ತು. ಆದರೂ ಬಂದಿದ್ದ. ನಾನು ನಮ್ಮ ಮನೆಗೆ ಬೆನ್ನು ಹಾಕಿ, ಖಾಲಿ ಸೈಟಿನ ಎದುರು ನಿಂತು, ಮಕ್ಕಳನ್ನು ಹಿಂದೆ ಸರಿಸುತ್ತಿದ್ದೆ. ಸಂದಿಯೊಳಗಿಂದ “ಅಯ್ಯಯ್ಯೋ, ಬಿದ್ರು ಬಿದ್ರು, ಹಿಡೀರಪ್ಪೋ!” ಎಂದು ಕೂಗು ಕೇಳಿತು. ಈರಣ್ಣನ ಸೊಂಟ ಅಲ್ಲೇ ಕೈಕೊಟ್ಟಿತ್ತು, ಕುರ್ಚಿ ಒಂದು ಮಗ್ಗುಲಿಗೆ ವಾಲಿತ್ತು. ಅಷ್ಟರಲ್ಲಿ ಯಾರೋ ಹೋಗಿ ಹಿಡಿದರು, ಮಾಸ್ತರರ ಕುರ್ಚಿ ನೆಟ್ಟಗೆ ರಸ್ತೆಗೆ ಬಂತು. ಅಬ್ಬ ಎಂದುಕೊಂಡು ನೋಡುತ್ತೇನೆ, ಈರಣ್ಣನ ಜಾಗದಲ್ಲಿ ಕುರ್ಚಿಯ ಕಾಲು ಹಿಡಿದು ಏದುಸಿರು ಬಿಡುತ್ತಾ ನಿಂತವರು ನಮ್ಮೆಜಮಾನರು. ಅಂಗಿಯ ಮೇಲೆಲ್ಲ ಕಡಲೆಕಾಯಿ ಸಿಪ್ಪೆ.

“ರೀ!” ಎಂದೆ.

ನಮ್ಮ ಮನೆ ನನ್ನ ಬೆನ್ನ ಹಿಂದಿನಿಂದ ಎದುರಿಗೆ ಬಂತು. ಜಗಲಿ, ಕಿಟಕಿ, ಸುದ್ದಿ ತುಂಬಿದ ಕರಿಹಲಗೆ, ಎಲ್ಲ ಸಮೇತ ಸದ್ದಿಲ್ಲದೆ ಹಾದುಹೋಗಿ, ಖಾಲಿ ಸೈಟಿನಲ್ಲಿ ಅಚ್ಚುಕಟ್ಟಾಗಿ ಕೂತಿತು. ನಾವಿದ್ದ ಜಾಗದಲ್ಲಿ ಬರೀ ಮಣ್ಣು, ಅದರ ಮುಂದೆ ಬೆಳಿಗ್ಗೆ ನಾನು ಹಾಕಿದ್ದ ರಂಗೋಲಿ. ಮುನೀರಾ ಡಬ್ಬಿ ಹಿಡಿದುಕೊಂಡು ಹಾಗೇ ನಿಂತಿದ್ದಳು. ಮುಚ್ಚಳ ತೆಗೆದಿತ್ತು.

ಮೊದಲು ನಕ್ಕವರು ಮಾಸ್ತರರೇ. “ಚೆನ್ನಾಜಮ್ಮೋರೆ, ನಮ್ಮನೆಗಿಂತ ನಿಮ್ಮನೆಗೇ ಅವಸರ ನೋಡಿ,” ಎಂದರು. ಆಮೇಲೆ ಹೊತ್ತವರ ಕಡೆ ತಿರುಗಿ, “ಒಳಗೆ ಕರ್ಕೊಂಡ್ ಹೋಗ್ರಪ್ಪ. ಇದೇ ಕೊನೆ” ಎಂದರು. ಅದನ್ನು ನಗುತ್ತಾ ಹೇಳಲಿಲ್ಲ.

ನಾನು ಮತ್ತೆ ಚೌಕ ಬರೆದೆ, ಒರೆಸಿದೆ, ಮತ್ತೆ ಬರೆದೆ. ಉಳಿದದ್ದು ಎರಡೇ ಅಮಾವಾಸ್ಯೆ. ಒಂದರಲ್ಲಿ ನಮ್ಮ ಮನೆ ಮೊದಲಿನ ಜಾಗಕ್ಕೆ ಹೋಗಬೇಕು, ಇನ್ನೊಂದರಲ್ಲಿ ಮುನೀರಾ ಮನೆ ಮುಂದಕ್ಕೆ ಬರಬೇಕು. ಅಲ್ಲಿಗೆ ಮಾರ್ಚ್ ಮುಗಿಯುತ್ತದೆ, ಸೈಟು ಹಿಂದಿನ ಸಾಲಿನಲ್ಲಿ ಉಳಿಯುತ್ತದೆ, ಅನುದಾನ ಬಂದ ದಾರಿಯಲ್ಲೇ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾಸ್ತರರಿಗೆ ಅಷ್ಟು ದಿನ ಎಲ್ಲಿದೆ? ರಾಯರಂತೂ ಖುಷಿಯಾಗಿದ್ದರು. “ದೇವರೇ ದಾರಿ ತೋರಿಸಿದಾನೆ. ಸೈಟು ಮುಂದೇನೇ ಇದೆ. ನಾಳೆನೇ ಇಂಜಿನಿಯರನ್ನ ಕರೆಸಿ,” ಎಂದರು. ತಲೆಯಾಡಿಸಿದವರೇ ಹೆಚ್ಚು. ಅವರನ್ನು ಬೈಯುವಂತೆಯೂ ಇಲ್ಲ. ಭವನ ಬೇಕು ಬೇಕು ಎಂದು ಅವರ ತಲೆಗೆ ತುಂಬಿದವಳು ನಾನೇ ಅಲ್ಲವೇ?

ಮಾರನೆಯ ದಿನ ಆಸ್ಪತ್ರೆಯ ಸರದಿ. ಈರಣ್ಣನ ಬದಲು ನಮ್ಮೆಜಮಾನರೂ ಸೇರಿ ನಾಲ್ಕು ಜನ ಹೋದರು. ಮಾಸ್ತರರು ಗೋಡೆಯ ಕಡೆ ಮಗ್ಗುಲಾಗಿ ಮಲಗಿಬಿಟ್ಟರು, ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನ ಮುನೀರಾ ನನ್ನ ಹತ್ತಿರ ಬಂದಳು. ಅತ್ತಿರಲಿಲ್ಲ. ಅಳುವವರನ್ನು ನಾನು ಸಮಾಧಾನ ಮಾಡಬಲ್ಲೆ, ಅವಳ ಒಣಗಿದ ಮುಖ ನೋಡಿ ನನಗೆ ಹೆದರಿಕೆಯಾಯಿತು.

“ಡಾಕ್ಟ್ರಿಗೆ ಫೋನ್ ಮಾಡಿದ್ದೆ ಅಕ್ಕಾ. ಮುಂದಿನ ಸರದೀನೂ ತಪ್ಪಿಸಿದ್ರೆ ಆಮೇಲೆ ನಮ್ಮ ಕೈಲಿಲ್ಲ ಅಂದ್ರು. ಕಾಲು ಊದ್ಕೊಂಡಿದೆ. ನೀವಾದ್ರೂ ಬಂದು ಹೇಳಿ.”

ಹೋದೆ. ಸಂದಿಯಲ್ಲಿ ನನ್ನ ಬಳೆ ಗೋಡೆಗೆ ಉಜ್ಜುತ್ತಿತ್ತು. ಈಗ ಅವರ ಮನೆಯ ಮುಂದೆ ನಮ್ಮ ಹಿತ್ತಿಲ ಗೋಡೆ ಅಡ್ಡ ನಿಂತಿತ್ತು, ಒಳಗೆ ಬೆಳಕೂ ಕಡಿಮೆ. ನಾನು ಬೈಯಲು ಸಿದ್ಧವಾಗಿಯೇ ಹೋಗಿದ್ದೆ. “ಏನ್ ಮಾಸ್ತರೆ, ಹೆಂಡತಿ ಮುಖ ನೋಡಿದೀರಾ? ಈ ವಯಸ್ಸಲ್ಲಿ ಎಂಥ ಹಠ ಇದು? ನಾಲ್ಕು ಜನ ಪ್ರೀತಿಯಿಂದ ಹೊರ್ತಾರೆ, ನಿಮಗೇನು ಕಷ್ಟ?”

ಅವರು ನಿಧಾನವಾಗಿ ತಿರುಗಿದರು. ಮುಖ ಬಾತುಕೊಂಡಿತ್ತು. “ಅಮ್ಮ, ನಾನು ಎಷ್ಟು ಮದುವೆ ನಡೆಸಿದೀನಿ, ಎಲ್ಲದರಲ್ಲೂ ಎಲ್ಲರಿಗಿಂತ ಮುಂದೆ ನನ್ನ ಕಾಲ ಮೇಲೆ ನಡ್ಕೊಂಡ್ ಹೋದವನು. ಮನುಷ್ಯನನ್ನ ನಾಲ್ಕು ಜನ ಹೊರೋದು ಒಂದೇ ಸಲ. ನನ್ನನ್ನ ವಾರಕ್ಕೆರಡು ಸಲ ಹೊರ್ತಾರೆ. ಕಿಟಕೀಲಿ ಹೆಂಗಸ್ರು ನಿಂತು ಅಯ್ಯೋ ಪಾಪ ಅಂತಾರೆ. ಆ ಅಯ್ಯೋ ಪಾಪ ಕೇಳ್ತಾ ನೂರು ವರ್ಷ ಬದುಕು ಅಂದ್ರೂ ನನಗೆ ಬೇಡ.”

ನಾನು ಎದ್ದು ಮನೆಗೆ ಬಂದೆ. ಕಿಟಕಿಯಲ್ಲಿ ನಿಂತು ಅಯ್ಯೋ ಪಾಪ ಎಂದವರಲ್ಲಿ ನಾನೂ ಒಬ್ಬಳು. ಸಂಜೆ ಹಲಗೆಯ ಮೇಲೆ ಏನೂ ಬರೆಯಲಾಗಲಿಲ್ಲ. ನಮ್ಮೆಜಮಾನರು ಉಣ್ಣದೆ ಮಲಗಿದರು. “ನಾನು ಏಳಬಾರದಾಗಿತ್ತು ಕಣೆ,” ಎಂದು ಒಂದೇ ಮಾತು. “ಏಳದಿದ್ರೆ ಅವರು ಬಿದ್ದು ತಲೆ ಒಡ್ಕೊಳ್ತಿದ್ರು, ಸುಮ್ನೆ ಮಲಗಿ” ಎಂದೆ.

ಮರುದಿನ ಬೆಳಿಗ್ಗೆ ನಗರಸಭೆಯ ಇಂಜಿನಿಯರ್ ವನಮಾಲಾ ಮೇಡಂ ಬಂದರು. ಹೊಸದಾಗಿ ನಮ್ಮೂರಿಗೆ ವರ್ಗವಾಗಿ ಬಂದ ಹುಡುಗಿ. ಅವರ ಜೊತೆ ಬಂದಿದ್ದ ಆಳು ನಮ್ಮ ಹಳೆಯ ಜಾಗದಲ್ಲಿ, ನನ್ನ ರಂಗೋಲಿಯ ಮೇಲೆಯೇ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯತೊಡಗಿದ. ನಾನು ಮೇಡಂಗೆ ಕಾಫಿ ಕೊಟ್ಟು ಜಗಲಿಯ ಮೇಲೆ ಕೂರಿಸಿದೆ. ಮನೆಗೆ ಬಂದವರನ್ನು ಸುಮ್ಮನೆ ಕೂರಿಸುವುದು ಹೇಗೆ? “ನಿಮ್ಮನೆ ಈಗ ಎಲ್ಲಿದೆಯಮ್ಮ? ಮುಂದಿನ ಸಾಲಾ, ಹಿಂದಿನ ಸಾಲಾ?” ಎಂದು ಕೇಳಿದೆ.

ಅವರು ನಕ್ಕರು. “ನಮ್ಮನೆ ಸರಿಯಲ್ಲಮ್ಮ, ನಾವೇ ಸರೀತೀವಿ. ಈಗ ಬಸ್‌ಸ್ಟ್ಯಾಂಡ್ ಹತ್ರ ಒಂದು ಮನೇಲಿದೀವಿ. ಅದರ ಮುಂಚೆ ಬೇರೆ ಊರಲ್ಲಿ ಬೇರೆಯವರ ಮನೇಲಿದ್ವಿ. ವರ್ಗ ಆದ ಹಾಗೆಲ್ಲ ಸಾಮಾನು ಕಟ್ಕೊಂಡು ಹೊರಡೋದು.”

“ಬೇರೆಯವರ ಮನೇಲಾ?” ನನಗೆ ನಂಬಲಾಗಲಿಲ್ಲ. ನಮ್ಮ ಕೇರಿಯಲ್ಲಿ ಹುಟ್ಟಿದ ಮನೆ, ಇಲ್ಲವೇ ಮದುವೆಯಾಗಿ ಹೊಕ್ಕ ಮನೆ, ಎರಡೇ. ಬಾಡಿಗೆ ಎನ್ನುವ ಮಾತನ್ನು ನಾವು ಶಾಮಿಯಾನಕ್ಕೆ, ಸೈಕಲ್ಲಿಗೆ ಮಾತ್ರ ಹೇಳುತ್ತಿದ್ದೆವು. “ಬೇರೆಯವರ ಗೋಡೆ ಮಧ್ಯ ನಿದ್ದೆ ಬರುತ್ತಾ? ಅವರ ಒಲೆ ಕಟ್ಟೇಲಿ ನಿಮ್ಮ ಅನ್ನ ಬೇಯುತ್ತಾ?”

“ಯಾಕೆ ಬೇಯಲ್ಲ? ಎರಡು ದಿನ ಸ್ವಿಚ್ಚು ಎಲ್ಲಿದೆ ಅಂತ ತಡಕಾಡ್ಬೇಕು, ಅಷ್ಟೇ. ಆಮೇಲೆ ನಮ್ಮನೇನೇ ಆಗ್ಬಿಡುತ್ತೆ.”

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಅಲ್ಲ, ಮನೆ ಸರಿಯಲಿ ಎಂದು ಅಮಾವಾಸ್ಯೆ ಅಮಾವಾಸ್ಯೆಗೂ ಬಿಸಿಲಲ್ಲಿ ಕೂತು ಕಾದೆವಲ್ಲ, ನಾವೂ, ನಮ್ಮ ಅತ್ತೆಯರೂ, ಅವರ ಅತ್ತೆಯರೂ! ನಮಗೆ ಕಾಲಿದೆ ಎನ್ನುವುದು ಒಬ್ಬರಿಗಾದರೂ ಹೊಳೆಯಬಾರದೆ? ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನಾನು ಮೇಡಂಗೆ ಇನ್ನೊಂದು ಲೋಟ ಕಾಫಿಯನ್ನೂ ಕೊಡದೆ ಒಳಗೆ ಓಡಿದೆ.

ನಮ್ಮೆಜಮಾನರು ಹಲ್ಲುಜ್ಜುತ್ತಿದ್ದರು. “ರೀ, ನಾವು ಮುನೀರಾ ಮನೆಗೆ ಹೋಗೋಣ, ಅವರು ಇಲ್ಲಿಗೆ ಬರ್ಲಿ,” ಎಂದೆ.

“ಊಟಕ್ಕಾ?” ಎಂದರು.

“ಇರೋಕೆ ಕಣ್ರೀ! ಬದುಕೋಕೆ! ನಮ್ಮ ಸಾಮಾನು ಅಲ್ಲಿಗೆ, ಅವರ ಸಾಮಾನು ಇಲ್ಲಿಗೆ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. “ಇದು ನಮ್ಮಪ್ಪ ಕಟ್ಟಿಸಿದ ಮನೆ,” ಎಂದರು. ಬಾಗಿಲುವಾಡ ಮುಟ್ಟಿ ನೋಡಿದರು. ಆಮೇಲೆ ಹಿತ್ತಿಲ ಬಾಗಿಲಲ್ಲಿ ನಿಂತು ಮುನೀರಾ ಮನೆಯ ಹೆಂಚಿನ ಕಡೆ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು, ನಾನು ನೋಡದವಳ ಹಾಗೆ ನಿಂತೆ. “ಭವನ ಕಟ್ಟಿದ ಮೇಲೆ ಮನೆ ಸರಿಯಲ್ಲ. ಮತ್ತೆ ಮುಂದಕ್ಕೆ ಬರೋ ಮಾತೇ ಇಲ್ಲ. ಗೊತ್ತು ತಾನೆ?”

“ಗೊತ್ತು.”

“ನಿನಗೆ ಜಗಲಿ ಇಲ್ದೆ ಆಗುತ್ತಾ?”

“ಆಗಲ್ಲ,” ಎಂದೆ. ನಿಜ ಹೇಳಬೇಕಲ್ಲ. “ಆದ್ರೂ ಹೋಗೋಣ.”

“ಸರಿ ಹಾಗಾದ್ರೆ, ದೊಡ್ಡ ಮಂಚದ ಕಾಲು ಬಿಚ್ಬೇಕು,” ಎಂದರು ಅವರು, ಬಾಯಿ ಮುಕ್ಕಳಿಸಿ.

ಮುನೀರಾ ಮಾತು ಕೇಳಿ ಕೂತುಬಿಟ್ಟಳು. ಮಾಸ್ತರರು ಎದ್ದು ಕೂತರು. “ದಾನದ ಮನೆ ನಮಗೆ ಬೇಡ ಚೆನ್ನಾಜಮ್ಮೋರೆ. ದೊಡ್ಡ ಮನಸ್ಸು ನಿಮ್ದು, ಆದ್ರೆ ಬೇಡ.”

“ದಾನ ಯಾವನು ಕೊಟ್ಟ?” ನನಗೂ ರೇಗಿತು. “ನಂದು ನಿಮಗೆ, ನಿಮ್ದು ನನಗೆ. ನಿಮ್ಮ ಹಿತ್ತಿಲಲ್ಲಿ ನುಗ್ಗೆ ಮರ ಇದೆ, ನನ್ನ ಹಿತ್ತಿಲಲ್ಲಿ ಬರೀ ಬಟ್ಟೆ ಒಗೆಯೋ ಕಲ್ಲು. ನುಗ್ಗೇಕಾಯಿ ಒಂದೂ ಕೊಡಲ್ಲ, ಈಗ್ಲೇ ಹೇಳಿದೀನಿ. ಮತ್ತೆ, ಇಷ್ಟು ಒದ್ದಾಡಿ ಭವನ ತಂದಿದೀನಲ್ಲ, ಅಲ್ಲಿ ಮೊದಲನೇ ಮದುವೆಗೆ ಕ್ಲಾರಿನೆಟ್ ಊದೋರು ಯಾರು? ಟೇಪ್ ಹಾಕಿಸ್ಲಾ?”

ಅವರು ನಗಲಿಲ್ಲ. ಏನೋ ಲೆಕ್ಕ ಹಾಕುವವರ ಹಾಗೆ ಕಾಲಿನ ಕಡೆ ನೋಡಿಕೊಂಡರು. “ನಿಮ್ಮ ಬಾಗಿಲಿಂದ ಆಟೋ ನಿಲ್ಲೋ ಜಾಗಕ್ಕೆ ಎಷ್ಟು ದೂರ?”

“ಜಗಲಿ ಇಳಿದ್ರೆ ಆಟೋನೇ.”

“ಹಿಡ್ಕೊಳ್ಳೋಕೆ ಏನಾದ್ರೂ ಇದೆಯಾ?”

“ಜಗಲಿ ಕಂಬ ಇದೆ. ಆಮೇಲೆ ಆಟೋ ಸರಳು.”

ಅವರು ಕಾಲು ಕೆಳಗಿಳಿಸಿ ನೆಲಕ್ಕೆ ಊರಿ ನೋಡಿದರು. “ಮುನೀರಾ, ನನ್ನ ಕೋಟಿನ ಪೆಟ್ಟಿಗೆ ಮೊದಲು ಕಟ್ಟು,” ಎಂದರು ಕೊನೆಗೆ. ಆಗ ಅವಳು ಅತ್ತಳು. ಆ ಅಳು ನನಗೆ ಹಿತವಾಯಿತು.

ಮಾರನೆಯ ದಿನ ಕೇರಿಯವರು ಕಂಡದ್ದು ಅವರ ತಾತಂದಿರೂ ಕಾಣದ ನೋಟ. ಮನೆಗಳು ನಿಂತಲ್ಲೇ ನಿಂತಿದ್ದವು, ಜನ ಸರಿಯುತ್ತಿದ್ದರು. ಸಂದಿಯಲ್ಲಿ ನಮ್ಮ ರುಬ್ಬುಗುಂಡು ಹೋಗುವಾಗ ಅವರ ಹೊಲಿಗೆ ಮಷೀನು ಎದುರಾಗಿ, ಯಾರು ಹಿಂದಕ್ಕೆ ಹೋಗಬೇಕು ಎಂದು ಗಲಾಟೆಯೋ ಗಲಾಟೆ. ನಮ್ಮ ದೇವರ ಗೂಡನ್ನು ಮುನೀರಾ ತೊಳೆದು ಒರೆಸಿ ತನ್ನ ಕುರಾನಿನ ಪೀಠ ಇಟ್ಟಳು. ಅವರ ಗೂಡಿನಲ್ಲಿ ನಾನು ದೀಪ ಹಚ್ಚಿದೆ. ವೆಂಕೋಬರಾಯರು ಕೈ ಕಟ್ಟಿಕೊಂಡು ನೋಡುತ್ತಿದ್ದವರು, “ಇದೆಲ್ಲ ಸರೀನಾ ಚೆನ್ನಾಜಮ್ಮ? ಮನೆ ಅನ್ನೋದು ಹೀಗೆ ಬದಲಾಯಿಸೋ ಪದಾರ್ಥವೇನಮ್ಮ?” ಎಂದರು. “ಸುಮ್ನೆ ನಿಂತ್ಕೊಂಡು ಕೇಳೋ ಬದಲು ಆ ಹಂಡೆ ಒಂದು ಕಡೆ ಹಿಡೀರಿ ರಾಯರೆ,” ಎಂದೆ. ಹಿಡಿದರು, ಪಾಪ. ಸಂಜೆಯ ಹೊತ್ತಿಗೆ ಅವರೇ ಬಂದು, ಬಾವಿಯ ಹತ್ತಿರ ಇರುವ ತಮ್ಮ ತಂಗಿಯ ಪಕ್ಕದ ಮನೆಯವರು ಬದಲಿಗೆ ಒಪ್ಪಬಹುದೇ ಎಂದು ಮೆಲ್ಲಗೆ ಕೇಳಿದರು.

ಕೊನೆಯ ಸಲ ಹೊರುವುದಿತ್ತು. ಹಳೆಯ ಮನೆಯಿಂದ ಹೊಸ ಮನೆಗೆ ಮಾಸ್ತರರನ್ನು ಅದೇ ನಾಲ್ಕು ಜನ ಕುರ್ಚಿಯಲ್ಲೇ ತಂದರು. ಅವರು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಯಾರೂ ಅಯ್ಯೋ ಪಾಪ ಎನ್ನದ ಹಾಗೆ ನಾನು ಮುಂದೆ ಮುಂದೆ ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದೆ.

ಹಿಂದಿನ ಸಾಲಿನಲ್ಲಿ ನನಗೆ ಬೇಸರವಾಗಲಿಲ್ಲ ಎಂದರೆ ಶುದ್ಧ ಸುಳ್ಳು. ಮೊದಲ ದಿನ ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಎದುರಿಗೆ ಗೋಡೆ. ನನ್ನದೇ ಹಳೆಯ ಮನೆಯ ಹಿತ್ತಿಲ ಗೋಡೆ, ಅದಕ್ಕೆ ಒರಗಿಸಿಟ್ಟ ಪೊರಕೆ. ಒಂದು ಆಟೋ ಸದ್ದಿಲ್ಲ, ಸೊಪ್ಪಿನವಳ ಕೂಗು ಎಲ್ಲೋ ದೂರ. ಮುಸುಮುಸು ಅತ್ತೆ ಕೂಡ. ಆಮೇಲೆ ಮುಖ ತೊಳೆದು, ಸೆರಗು ಸಿಕ್ಕಿಸಿಕೊಂಡು, ಸಂದಿಯಲ್ಲಿ ನಡೆದು ರಸ್ತೆಗೆ ಬಂದೆ. ಅವತ್ತು ಆಸ್ಪತ್ರೆಯ ಸರದಿ.

ಆಟೋ ಬಂದು ಜಗಲಿಗೆ ತಾಗುವ ಹಾಗೆ ನಿಂತಿತ್ತು. ಅಭ್ಯಾಸಬಲದಿಂದ ಹೊರುವವರೆಲ್ಲ ಬಂದಿದ್ದರು. ಈರಣ್ಣ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದ, ನಮ್ಮೆಜಮಾನರು ಅವನ ಪಕ್ಕ. ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ಒಬ್ಬರಿಗೂ ತಿಳಿಯದೆ ಸಾಲಾಗಿ ನಿಂತಿದ್ದರು. ಒಳಗಿನಿಂದ ಮಾಸ್ತರರು ಬಂದರು. ಮೈಮೇಲೆ ಕೆಂಪು ಕೋಟು. ಅದು ಈಗ ಅವರಿಗೆ ಸಡಿಲವಾಗಿತ್ತು, ಗುಂಡಿಗಳನ್ನು ಮುನೀರಾ ಒಳಕ್ಕೆ ಸರಿಸಿ ಹೊಲಿದಿದ್ದಳು. ಹೊಸಲಲ್ಲಿ ಒಂದು ಸಲ ನಿಂತರು. ಮುನೀರಾ ಕೈ ಚಾಚಿದಳು, ಬೇಡವೆಂದು ತಲೆಯಾಡಿಸಿದರು. ಕಂಬ ಹಿಡಿದರು. ಒಂದು ಕಾಲು ಇಟ್ಟು, ಉಸಿರು ತೆಗೆದುಕೊಂಡು, ಇನ್ನೊಂದು ಇಟ್ಟರು. ಮೆಟ್ಟಿಲಿಳಿಯುವಾಗ ಮೊಣಕಾಲು ನಡುಗಿತು, ಈರಣ್ಣ ಮುಂದೆ ಬಗ್ಗಿದ, ನಾನು ಅವನ ಅಂಗಿ ಹಿಡಿದು ಹಿಂದಕ್ಕೆಳೆದೆ. ಮಾಸ್ತರರು ಆಟೋ ಸರಳನ್ನು ಹಿಡಿದು ತಾವಾಗಿಯೇ ಹತ್ತಿ ಕೂತರು. ಕೋಟು ಕೊಡವಿಕೊಂಡರು. ಆಮೇಲೆ ಹೊರುವವರ ಕಡೆ ನೋಡಿದರು.

“ಇನ್ನು ನೀವು ಮನೆಗೆ ಹೋಗ್ರಪ್ಪ,” ಎಂದರು. “ನನ್ನನ್ನ ಹೊರೋ ದಿನ ಬಂದಾಗ ನಾನೇ ಹೇಳಿ ಕಳಿಸ್ತೀನಿ.”

ಮುನೀರಾ ಅವರ ಪಕ್ಕ ಹತ್ತಿ ಕೂತಳು, ಆಟೋ ಹೊರಟಿತು.